ವ್ಯಾನ್ ಮನೆಗೆ ಸೋಲಾರ್: ಪ್ಯಾನೆಲ್‌ನಿಂದ ಬ್ಯಾಟರಿವರೆಗೆ ವೈರ್ ಎಳೆಯುವುದು ಹೇಗೆ?

ಸಕಲೇಶಪುರ ದಾಟಿ ಒಂದು ಕಾಫಿ ತೋಟದ ಪಕ್ಕ ವ್ಯಾನ್ ನಿಲ್ಲಿಸಿದ್ದೆವು. ಬೆಳಗಿನ ದೋಸೆಗೆ ಚಟ್ನಿ ಆಗಬೇಕಿತ್ತು. ಮಿಕ್ಸಿ ಸ್ವಿಚ್ ತಿರುಗಿಸಿದ ತಕ್ಷಣ ಇನ್ವರ್ಟರ್ ಕುಯ್ ಎಂದು ಕೂಗಿ ಆಫ್ ಆಯಿತು. ಮತ್ತೆ ಹಾಕಿದೆ, ಮತ್ತೆ ಆಫ್. "ಬ್ಯಾಟರಿ ಫುಲ್ ಇದೆಯಲ್ಲ, ಮತ್ತೇನಾಯ್ತು?" ಎಂದರು ಭಾವ. ಅವರು ಹೇಳಿದ್ದು ನಿಜ. ಹಿಂದಿನ ದಿನವಿಡೀ ಬಿಸಿಲಿತ್ತು, ಬ್ಯಾಟರಿ ತುಂಬಿತ್ತು. ಇನ್ವರ್ಟರ್ 1000 ವ್ಯಾಟ್‌ನದು, ಮಿಕ್ಸಿ ಬರೀ 650 ವ್ಯಾಟ್‌ನದು. ಜಾರ್‌ನಿಂದ ಅರ್ಧ ತೆಗೆದು ಹಾಕಿದಾಗ ಹೇಗೋ ತಿರುಗಿತು. ಎರಡು ನಿಮಿಷ ಅರೆದ ಮೇಲೆ ಸೀಟಿನ ಕೆಳಗೆ ಕೈ ಹಾಕಿ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ವೈರ್ ಮುಟ್ಟಿದೆ. ಬಿಸಿಯಾಗಿತ್ತು.

ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಮನೆ ಮಾಡಿಕೊಳ್ಳಲು ಹೊರಟ ನಮಗೆ ಆ ಬಿಸಿ ವೈರ್ ಕಲಿಸಿದ್ದು ದೊಡ್ಡದು. ಯಾವ ಪ್ಯಾನೆಲ್, ಎಷ್ಟು ವ್ಯಾಟ್, ಯಾವ ಕಂಪನಿ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡಿದ್ದೆವು. ನಡುವಿನ ವೈರ್ ಬಗ್ಗೆ ಐದು ನಿಮಿಷವೂ ಯೋಚಿಸಿರಲಿಲ್ಲ. ವ್ಯಾನ್‌ನ ಸೋಲಾರ್ ವ್ಯವಸ್ಥೆ ಕೆಲಸ ಮಾಡುತ್ತದೋ ಇಲ್ಲವೋ, ಮುಖ್ಯವಾಗಿ ಅದು ಸುರಕ್ಷಿತವೋ ಅಲ್ಲವೋ ಎನ್ನುವುದು ನಿರ್ಧಾರವಾಗುವುದು ಅಲ್ಲಿಯೇ.

ಮನೆಗೂ ವ್ಯಾನ್‌ಗೂ ಏನು ವ್ಯತ್ಯಾಸ?

ಶಾಲೆಯಲ್ಲಿ ಕಲಿತ ಒಂದೇ ಸೂತ್ರ ಸಾಕು. ವ್ಯಾಟ್ ಎಂದರೆ ವೋಲ್ಟ್ ಗುಣಿಸು ಆಂಪ್. ಮನೆಯ ಗೀಸರ್ 2000 ವ್ಯಾಟ್‌ನದು. ಅಲ್ಲಿ 230 ವೋಲ್ಟ್ ಇರುವುದರಿಂದ ವೈರ್‌ನಲ್ಲಿ ಹರಿಯುವುದು 9 ಆಂಪ್‌ಗಿಂತ ಕಡಿಮೆ. ವ್ಯಾನ್‌ನಲ್ಲಿ ಇರುವುದು 12 ವೋಲ್ಟ್. ನಮ್ಮ 650 ವ್ಯಾಟ್ ಮಿಕ್ಸಿಗೆ, ಇನ್ವರ್ಟರ್ ತಿನ್ನುವ ಪಾಲನ್ನೂ ಸೇರಿಸಿದರೆ, ಬ್ಯಾಟರಿಯಿಂದ 60 ಆಂಪ್ ಹೊರಡಬೇಕು. ಗೀಸರ್‌ಗಿಂತ ಆರೇಳು ಪಟ್ಟು ಜಾಸ್ತಿ ಕರೆಂಟ್, ಒಂದು ಮಿಕ್ಸಿಗೆ!

ನಾವು ಹಾಕಿದ್ದು ಮನೆ ವೈರಿಂಗ್‌ನ 6 ಸ್ಕ್ವೇರ್ ಎಂಎಂ ತಾಮ್ರದ ವೈರ್. ಗೀಸರ್‌ಗೇ 4 ಸಾಕಾಗುತ್ತದೆ, ಇದಕ್ಕೆ 6 ಧಾರಾಳ ಎಂದುಕೊಂಡಿದ್ದೆವು. ಬ್ಯಾಟರಿ ಮುಂದೆ, ಇನ್ವರ್ಟರ್ ಹಿಂದೆ, ನಡುವೆ 3 ಮೀಟರ್. ಹೋಗಿ ಬರುವ ಎರಡೂ ವೈರ್ ಸೇರಿ 6 ಮೀಟರ್. ತಾಮ್ರದ ಲೆಕ್ಕ ಸುಲಭ: ಉದ್ದವನ್ನು ಮೀಟರ್‌ನಲ್ಲಿ ತೆಗೆದುಕೊಂಡು 0.0175ರಿಂದ ಗುಣಿಸಿ, ವೈರ್‌ನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬರುವುದು ಆ ವೈರ್‌ನ ರೆಸಿಸ್ಟೆನ್ಸ್, ಓಮ್‌ನಲ್ಲಿ. ನಮ್ಮದು 0.0175 ಓಮ್. ಕೇಳಲು ಏನೂ ಅಲ್ಲ ಅನಿಸುತ್ತದೆ ಅಲ್ವಾ? ಅದರಲ್ಲಿ 60 ಆಂಪ್ ಹರಿದರೆ ದಾರಿಯಲ್ಲೇ 1 ವೋಲ್ಟ್‌ಗಿಂತ ಜಾಸ್ತಿ ಹೋಗುತ್ತದೆ. 63 ವ್ಯಾಟ್ ಬಿಸಿ ಆ ವೈರ್‌ನೊಳಗೇ ಹುಟ್ಟುತ್ತದೆ. ಹಳೇ ಕಾಲದ 60 ವ್ಯಾಟ್ ಬಲ್ಬನ್ನು ಸೀಟಿನ ಕೆಳಗೆ ಉರಿಸಿದಂತೆ.

ಮಿಕ್ಸಿಯ ಮೋಟಾರ್ ಹೊರಡುವ ಕ್ಷಣದಲ್ಲಿ ಇನ್ನೂ ಎರಡು ಪಟ್ಟು ಎಳೆಯುತ್ತದೆ. 120 ಆಂಪ್ ಎಂದುಕೊಳ್ಳಿ, ಆಗ ವೈರ್‌ನಲ್ಲೇ 2 ವೋಲ್ಟ್ ಮಾಯ. ಬ್ಯಾಟರಿಯ ಹತ್ತಿರ 12.6 ಇದ್ದದ್ದು ಇನ್ವರ್ಟರ್ ಬಾಗಿಲಿಗೆ ಬರುವಾಗ 10.5. ಬ್ಯಾಟರಿ ಖಾಲಿ ಎಂದು ತಿಳಿದು ಇನ್ವರ್ಟರ್ ಆಫ್ ಆಗುತ್ತಿತ್ತು. ಅದರ ತಪ್ಪೇನೂ ಇರಲಿಲ್ಲ.

ಆಮೇಲೆ ಇನ್ವರ್ಟರನ್ನು ಕಿತ್ತು ಬ್ಯಾಟರಿಯಿಂದ 1 ಮೀಟರ್ ದೂರಕ್ಕೆ ತಂದೆವು. 35 ಸ್ಕ್ವೇರ್ ಎಂಎಂನ ವೈರ್ ಹಾಕಿದೆವು. ಅದೇ ಲೆಕ್ಕದಲ್ಲಿ ಈಗ 60 ಆಂಪ್‌ಗೆ ಹೋಗುವುದು 0.06 ವೋಲ್ಟ್, ಬಿಸಿ 4 ವ್ಯಾಟ್‌ಗಿಂತ ಕಡಿಮೆ.

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ತುಂಬ ಜನ ನಂಬಿದ್ದಾರೆ. ಶಾಕ್ ಇಲ್ಲದಿರಬಹುದು, ಬೆಂಕಿ ಇದೆ. ಪ್ಲೈವುಡ್, ಫೋಮ್, ಬಟ್ಟೆ ತುಂಬಿದ ಸಣ್ಣ ಡಬ್ಬಿಯಲ್ಲಿ ನಾವು ಮಲಗುತ್ತೇವೆ. ಅದನ್ನು ಮರೆಯಬಾರದು.

ಮೊದಲು ಖರ್ಚಿನ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಂಡು ದಿನದ ಬಳಕೆ ಬರೆಯಿರಿ. ನಮ್ಮ ಹಾಳೆಯಲ್ಲಿ ಇದ್ದದ್ದು ಇಷ್ಟು. 12 ವೋಲ್ಟ್‌ನ ಸಣ್ಣ ಫ್ರಿಜ್ ಓಡುವಾಗ 45 ವ್ಯಾಟ್ ತಿನ್ನುತ್ತದೆ, ಆದರೆ ದಿನದ ಹೆಚ್ಚುಕಡಿಮೆ ಶೇಕಡಾ 40 ಭಾಗ ಸಮಯ ಮಾತ್ರ ಓಡುತ್ತದೆ. ಹಾಗಾಗಿ 24 ಗಂಟೆಗೆ 430 ವ್ಯಾಟ್ ಅವರ್. 25 ವ್ಯಾಟ್ ಫ್ಯಾನ್ 8 ಗಂಟೆಗೆ 200. ಎಲ್‌ಇಡಿ ದೀಪಗಳಿಗೆ 100. ಫೋನು, ಲ್ಯಾಪ್‌ಟಾಪ್ ಸೇರಿ 200. ನೀರಿನ ಪಂಪ್‌ಗೆ 20. ಮಿಕ್ಸಿ 650 ವ್ಯಾಟ್ ಆದರೂ ಐದು ನಿಮಿಷಕ್ಕೆ 54 ಅಷ್ಟೇ. ಒಟ್ಟು 1000 ವ್ಯಾಟ್ ಅವರ್. ಮನೆ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್.

ಈ ಹಾಳೆಯಲ್ಲಿ ಎರಡು ವಿಷಯ ಗಮನಿಸಿ. ಸ್ವಲ್ಪವೇ ತಿನ್ನುವ ಫ್ರಿಜ್ ಇಡೀ ದಿನ ತಿನ್ನುವುದರಿಂದ ಅದೇ ದೊಡ್ಡ ಗಿರಾಕಿ. ಹಾಗೆಯೇ ಇನ್ವರ್ಟರ್. ಏನೂ ಹಾಕದೆ ಸುಮ್ನೆ ಆನ್ ಇಟ್ಟರೂ ಅದು 10 ವ್ಯಾಟ್ ತಿನ್ನುತ್ತಿದ್ದರೆ ದಿನಕ್ಕೆ 240 ಹೋಯಿತು. ಆದ್ದರಿಂದ ಫ್ಯಾನ್, ದೀಪ, ಫ್ರಿಜ್, ಫೋನ್ ಚಾರ್ಜಿಂಗ್ ಎಲ್ಲವನ್ನೂ ನೇರವಾಗಿ 12 ವೋಲ್ಟ್‌ನಲ್ಲೇ ಇಟ್ಟುಕೊಳ್ಳಿ. ಇನ್ವರ್ಟರನ್ನು ಬೇಕಾದಾಗ ಮಾತ್ರ ಹಾಕಿ. ಇಂಡಕ್ಷನ್ ಒಲೆ ಬೇಕೆಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. 1500 ವ್ಯಾಟ್ ಒಲೆ ಅರ್ಧ ಗಂಟೆ ಉರಿದರೆ 750 ವ್ಯಾಟ್ ಅವರ್. ಅಂಥವರು 24 ವೋಲ್ಟ್ ವ್ಯವಸ್ಥೆಯ ಬಗ್ಗೆ ಯೋಚಿಸುವುದು ಒಳ್ಳೆಯದು. ವೋಲ್ಟ್ ಎರಡು ಪಟ್ಟಾದರೆ ಕರೆಂಟ್ ಅರ್ಧ, ವೈರ್‌ನಲ್ಲಿ ಹೋಗುವ ಬಿಸಿ ಕಾಲು ಭಾಗ.

ಬ್ಯಾಟರಿ

ಮೊದಲು ನಮ್ಮ ಹತ್ತಿರ ಇದ್ದದ್ದು ಮನೆ ಇನ್ವರ್ಟರ್‌ಗೆ ಹಾಕುವ 150 ಎಎಚ್ (ಆಂಪ್ ಅವರ್) ಟ್ಯೂಬುಲರ್ ಬ್ಯಾಟರಿ. ಕಾಗದದ ಮೇಲೆ 1800 ವ್ಯಾಟ್ ಅವರ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 900. ತೂಕ 50 ಕಿಲೋ ದಾಟುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಘಾಟಿಯ ತಿರುವಿನಲ್ಲಿ ಆಸಿಡ್ ಚೆಲ್ಲುವ ಭಯ. ಮಲಗುವ ಜಾಗದಲ್ಲಿ ಇದು ಬೇಡವೇ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಇರುವುದು ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. 12.8 ವೋಲ್ಟ್, 200 ಎಎಚ್. ಅಂದರೆ 2560 ವ್ಯಾಟ್ ಅವರ್. ಅದರಲ್ಲಿ 2000ವನ್ನು ನಿಶ್ಚಿಂತೆಯಾಗಿ ಬಳಸಬಹುದು. ಬಿಸಿಲೇ ಇಲ್ಲದ ಎರಡು ದಿನ ತಳ್ಳಬಹುದು. ಒಳಗೆ ಬಿಎಂಎಸ್ ಎನ್ನುವ ಕಾವಲು ಸರ್ಕ್ಯೂಟ್ ಇರುತ್ತದೆ. ಪ್ರತಿ ಸೆಲ್‌ನ ವೋಲ್ಟೇಜ್ ನೋಡಿಕೊಂಡು, ಮಿತಿ ಮೀರಿದರೆ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಕೊಳ್ಳುವಾಗ ಈ ಬಿಎಂಎಸ್ ಎಷ್ಟು ಆಂಪ್ ತಾಳುತ್ತದೆ ಎಂದು ಕೇಳಿ. 1000 ವ್ಯಾಟ್ ಇನ್ವರ್ಟರ್ ಪೂರ್ತಿ ಹೊರೆಯಲ್ಲಿ 93 ಆಂಪ್ ಎಳೆಯುತ್ತದೆ. 50 ಆಂಪ್ ಬಿಎಂಎಸ್ ಇದ್ದರೆ ಎಷ್ಟು ದೊಡ್ಡ ಬ್ಯಾಟರಿ ಆದರೂ ಪ್ರಯೋಜನವಿಲ್ಲ.

ಎಲ್‌ಎಫ್‌ಪಿಗೆ ಒಂದು ದೌರ್ಬಲ್ಯ ಇದೆ. ಸೆಲ್‌ಗಳು 0 ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿ ಕೂತುಬಿಡುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಕರ್ನಾಟಕದಲ್ಲಿ ಈ ಚಿಂತೆ ಇಲ್ಲ. ಲಡಾಖ್, ಸ್ಪಿತಿ ಕಡೆ ಹೋಗುವ ಆಸೆ ಇದ್ದವರು ಚಳಿಯಲ್ಲಿ ಚಾರ್ಜಿಂಗ್ ತಡೆಯುವ ಬಿಎಂಎಸ್ ಇರುವುದನ್ನೇ ಕೊಳ್ಳಬೇಕು. ಬ್ಯಾಟರಿಯನ್ನು ವ್ಯಾನ್‌ನ ಒಳಗೆ, ಬೆಚ್ಚಗಿನ ಕಡೆ ಇಡಬೇಕು.

ಒಂದಕ್ಕಿಂತ ಹೆಚ್ಚು ಬ್ಯಾಟರಿ ಸೇರಿಸುವವರಿಗೆ ಒಂದು ಮಾತು. ಎರಡು 100 ಎಎಚ್ ಬ್ಯಾಟರಿಯನ್ನು ಪ್ಯಾರಲಲ್ ಮಾಡುವಾಗ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸುತ್ತೇವೆ. ವ್ಯಾನ್‌ಗೆ ಹೋಗುವ ಎರಡೂ ವೈರನ್ನು ಒಂದೇ ಬ್ಯಾಟರಿಯಿಂದ ತೆಗೆಯಬೇಡಿ. ಪ್ಲಸ್ಸನ್ನು ಮೊದಲ ಬ್ಯಾಟರಿಯಿಂದ, ಮೈನಸ್ಸನ್ನು ಕೊನೆಯದರಿಂದ ತೆಗೆಯಿರಿ. ಆಗ ಎರಡೂ ಬ್ಯಾಟರಿಗೆ ವೈರ್‌ನ ದಾರಿ ಸಮ. ಇಲ್ಲದಿದ್ದರೆ ಹತ್ತಿರದ ಬ್ಯಾಟರಿ ಯಾವಾಗಲೂ ಜಾಸ್ತಿ ದುಡಿದು ಬೇಗ ಸವೆಯುತ್ತದೆ. ಸೇರಿಸುವ ಮುಂಚೆ ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ಒಂದು ತುಂಬಿ ಇನ್ನೊಂದು ಖಾಲಿ ಇದ್ದಾಗ ಸೇರಿಸಿದರೆ ಒಂದರಿಂದ ಇನ್ನೊಂದಕ್ಕೆ ಭಾರೀ ಕರೆಂಟ್ ನುಗ್ಗುತ್ತದೆ. ಹಳೆಯದಕ್ಕೆ ಹೊಸದು, ಲೆಡ್ ಆಸಿಡ್‌ಗೆ ಲಿಥಿಯಂ, ಇಂಥ ಜೋಡಿ ಬೇಡ.

ಮೇಲ್ಛಾವಣಿಯ ಮೇಲೆ

400 ವ್ಯಾಟ್ ಪ್ಯಾನೆಲ್ ಹಾಕಿದರೆ 400 ವ್ಯಾಟ್ ಬರುವುದಿಲ್ಲ. ಆ ಅಂಕಿ ಬರೆದಿರುವುದು ಪ್ಯಾನೆಲ್‌ನ ಸೆಲ್ 25 ಡಿಗ್ರಿ ಇದ್ದಾಗ. ನಮ್ಮ ಬಿಸಿಲಲ್ಲಿ ತಗಡಿನ ಮೇಲೆ ಕೂತ ಪ್ಯಾನೆಲ್ 60 ಡಿಗ್ರಿ ದಾಟುತ್ತದೆ. ಪ್ರತಿ ಡಿಗ್ರಿ ಏರಿದಂತೆ ಶೇಕಡಾ 0.35ರಿಂದ 0.4ರಷ್ಟು ಕಳೆಯುತ್ತದೆ. ಅಲ್ಲಿಗೆ 13-14 ಭಾಗ ಹೋಯಿತು. ಮೇಲಾಗಿ ವ್ಯಾನ್‌ನ ಮೇಲೆ ಪ್ಯಾನೆಲ್ ಮಟ್ಟಸವಾಗಿ ಮಲಗಿರುತ್ತದೆ, ಧೂಳು ಕೂರುತ್ತದೆ. ಎಲ್ಲ ಕಳೆದು 70 ಭಾಗ ಸಿಕ್ಕಿತು ಎಂದುಕೊಳ್ಳಿ. ಬಯಲುಸೀಮೆಯ ಒಳ್ಳೆಯ ದಿನ 5 ಗಂಟೆ ಪೂರ್ಣ ಬಿಸಿಲಿಗೆ ಸಮ. 400 ಗುಣಿಸು 5 ಗುಣಿಸು 0.7, ಅಂದರೆ 1400 ವ್ಯಾಟ್ ಅವರ್. ನಮಗೆ ಬೇಕಾದ್ದು 1000, ಸಾಕಾಯಿತು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು 2 ಗಂಟೆಗೆ ಇಳಿದರೆ 560 ಅಷ್ಟೇ. ಆಗ ಎಂಜಿನ್ ಕೈ ಹಿಡಿಯಬೇಕು, ಅದಕ್ಕೆ ಆಮೇಲೆ ಬರೋಣ. ಅಂದಹಾಗೆ, ಪ್ಯಾನೆಲ್ ಮತ್ತು ತಗಡಿನ ನಡುವೆ ಎರಡು ಮೂರು ಇಂಚು ಗಾಳಿ ಆಡುವಂತೆ ಬಿಡಿ. ಬಗ್ಗುವ ತೆಳು ಪ್ಯಾನೆಲ್ ಅಂಟಿಸಲು ಸುಲಭ ನಿಜ, ಆದರೆ ತಗಡಿಗೇ ಅಂಟಿ ಕೂತು ಕಾದು ಬೇಗ ಹಾಳಾಗುತ್ತದೆ. ನಾನಾದರೆ ಗಾಜಿನ ಪ್ಯಾನೆಲ್ ಅನ್ನೇ ಹಾಕುತ್ತೇನೆ.

ಇನ್ನು ಪ್ಯಾನೆಲ್‌ಗಳನ್ನು ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಮಾಡಬೇಕೋ ಪ್ಯಾರಲಲ್ ಮಾಡಬೇಕೋ? ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ನಮ್ಮದು 100 ವ್ಯಾಟ್‌ನ ನಾಲ್ಕು ಪ್ಯಾನೆಲ್. ಒಂದೊಂದೂ ದುಡಿಯುವಾಗ 18 ವೋಲ್ಟ್, 5.5 ಆಂಪ್ ಕೊಡುತ್ತದೆ. ಏನೂ ಜೋಡಿಸದೆ ಬಿಸಿಲಿಗೆ ಇಟ್ಟರೆ 22 ವೋಲ್ಟ್ ತೋರಿಸುತ್ತದೆ.

ನಾಲ್ಕನ್ನೂ ಪ್ಯಾರಲಲ್ ಮಾಡಿದರೆ 18 ವೋಲ್ಟ್, 22 ಆಂಪ್. ಒಂದರ ಮೇಲೆ ಅಡಿಕೆ ಮರದ ನೆರಳು ಬಿದ್ದರೆ ಅದೊಂದರ ಪಾಲು ಮಾತ್ರ ಕಡಿಮೆಯಾಗುತ್ತದೆ. ಆದರೆ 22 ಆಂಪ್ ಇಳಿಸಿಕೊಳ್ಳಲು ದಪ್ಪ ವೈರ್ ಬೇಕು. 5 ಮೀಟರ್ ದೂರಕ್ಕೆ 4 ಸ್ಕ್ವೇರ್ ಎಂಎಂ ಹಾಕಿದರೆ 18ರಲ್ಲಿ ಹತ್ತಿರ 1 ವೋಲ್ಟ್ ದಾರಿಗೇ ಹೋಗುತ್ತದೆ. ನಾಲ್ಕನ್ನೂ ಸೀರೀಸ್ ಮಾಡಿದರೆ 72 ವೋಲ್ಟ್, 5.5 ಆಂಪ್. ತೆಳು ವೈರ್ ಸಾಕು. ಆದರೆ ಸೀರೀಸ್‌ನಲ್ಲಿ ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ನೆರಳು ಬಿದ್ದ ಪ್ಯಾನೆಲ್ ಮಿಕ್ಕವನ್ನೂ ಎಳೆಯುತ್ತದೆ. ಬೈಪಾಸ್ ಡಯೋಡ್ ಎನ್ನುವ ಅಡ್ಡದಾರಿ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಅಷ್ಟೇ.

ನಾವು ನಡುವಿನ ದಾರಿ ಹಿಡಿದೆವು. ಎರಡೆರಡು ಸೀರೀಸ್, ಆ ಎರಡು ಜೋಡಿ ಪ್ಯಾರಲಲ್. 36 ವೋಲ್ಟ್, 11 ಆಂಪ್. ಅದೇ 4 ಸ್ಕ್ವೇರ್ ಎಂಎಂ ವೈರ್‌ನಲ್ಲಿ ಈಗ ಹೋಗುವುದು ಅರ್ಧ ವೋಲ್ಟ್, ಅದೂ 36ರಲ್ಲಿ. ಬೆಳಿಗ್ಗೆ ಒಟ್ಟಿಗೆ ನೆರಳು ಬೀಳುವ ಪ್ಯಾನೆಲ್‌ಗಳನ್ನು ಒಂದು ಜೋಡಿಗೆ ಹಾಕಿದರೆ ಇನ್ನೊಂದು ಜೋಡಿ ತನ್ನ ಪಾಡಿಗೆ ದುಡಿಯುತ್ತದೆ. ಮೂರು ಅಥವಾ ಹೆಚ್ಚು ಸಾಲು ಪ್ಯಾರಲಲ್ ಮಾಡುವವರು ಪ್ರತಿ ಸಾಲಿಗೂ ಫ್ಯೂಸ್ ಹಾಕಬೇಕು. ಒಂದು ಸಾಲು ಕೆಟ್ಟರೆ ಮಿಕ್ಕವೆಲ್ಲ ಸೇರಿ ಅದರೊಳಗೆ ಕರೆಂಟ್ ನುಗ್ಗಿಸಬಹುದು.

ಪ್ಯಾನೆಲ್ ಮತ್ತು ಬ್ಯಾಟರಿ ನಡುವೆ ಚಾರ್ಜ್ ಕಂಟ್ರೋಲರ್ ಕೂರುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜ್‌ಗೆ ಎಳೆದುಬಿಡುತ್ತದೆ. 5.5 ಆಂಪ್ ಗುಣಿಸು 13 ವೋಲ್ಟ್, 100ರ ಪ್ಯಾನೆಲ್‌ನಿಂದ 72 ವ್ಯಾಟ್. ಎರಡು ಪ್ಯಾನೆಲ್ ಸೀರೀಸ್ ಮಾಡಿದರಂತೂ ಅರ್ಧಕ್ಕರ್ಧ ದಂಡ. ಎಂಪಿಪಿಟಿ ಕಂಟ್ರೋಲರ್ 36 ವೋಲ್ಟ್, 11 ಆಂಪನ್ನು ತೆಗೆದುಕೊಂಡು 13 ವೋಲ್ಟ್, 30 ಆಂಪ್ ಮಾಡಿಕೊಡುತ್ತದೆ. ವೋಲ್ಟ್ ಇಳಿಸಿ ಆಂಪ್ ಏರಿಸುವ ಈ ಕೆಲಸಕ್ಕೇ ಅದಕ್ಕೆ ಜಾಸ್ತಿ ದುಡ್ಡು. ಕೊಡಿ, ಅದು ವಸೂಲಾಗುತ್ತದೆ.

ಕಂಟ್ರೋಲರ್ ಮೇಲೆ ಎರಡು ಅಂಕಿ ಇರುತ್ತವೆ. 100 ವೋಲ್ಟ್, 30 ಆಂಪ್ ಎನ್ನುವ ಹಾಗೆ. ಆಂಪ್ ಮೀರಿದರೆ ಅದು ತಾನೇ ತಡೆದುಕೊಳ್ಳುತ್ತದೆ. ವೋಲ್ಟ್ ಮೀರಿದರೆ ಸುಟ್ಟುಹೋಗುತ್ತದೆ. ಇಲ್ಲಿ ಚಳಿಯ ಲೆಕ್ಕ ಉಲ್ಟಾ. ತಣ್ಣಗಾದಷ್ಟೂ ಪ್ಯಾನೆಲ್ ವೋಲ್ಟೇಜ್ ಏರುತ್ತದೆ, ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಶೇಕಡಾ 0.3. ನಾಲ್ಕು ಸೀರೀಸ್‌ನಲ್ಲಿದ್ದರೆ 22 ಗುಣಿಸು 4, ಅಂದರೆ 88 ವೋಲ್ಟ್. 100ರ ಒಳಗೇ ಇದೆಯಲ್ಲ ಅನಿಸುತ್ತದೆ. ಲಡಾಖ್‌ನಲ್ಲಿ ಮೈನಸ್ 15ರ ಒಂದು ಬೆಳಗ್ಗೆ ಸೂರ್ಯ ಹುಟ್ಟಿದಾಗ ಅದೇ 98 ದಾಟುತ್ತದೆ. ಇನ್ನೂ ಆರೇಳು ಡಿಗ್ರಿ ಇಳಿದರೆ ಕಂಟ್ರೋಲರ್ ಕಥೆ ಮುಗಿಯಿತು. ಎರಡೆರಡು ಸೀರೀಸ್‌ನಲ್ಲಿ ಅದೇ ಚಳಿಗೆ 49 ವೋಲ್ಟ್, ಚಿಂತೆಯೇ ಇಲ್ಲ.

ಫ್ಯೂಸ್ ಇರುವುದು ವೈರ್‌ಗಾಗಿ

ಫ್ಯೂಸ್ ಕಾಯುವುದು ಫ್ರಿಜ್ಜನ್ನೋ ಇನ್ವರ್ಟರನ್ನೋ ಅಲ್ಲ. ಅದು ಕಾಯುವುದು ವೈರನ್ನು. ಈ ಒಂದು ಮಾತು ತಲೆಗೆ ಹೋದರೆ ಅಳತೆ ತಾನಾಗಿ ಬರುತ್ತದೆ. ಫ್ಯೂಸ್ ಉಪಕರಣ ಎಳೆಯುವುದಕ್ಕಿಂತ ದೊಡ್ಡದಿರಬೇಕು, ವೈರ್ ತಾಳುವುದಕ್ಕಿಂತ ಚಿಕ್ಕದಿರಬೇಕು. ನಮ್ಮ ಇನ್ವರ್ಟರ್ 93 ಆಂಪ್, ಅದಕ್ಕೆ 125 ಆಂಪ್ ಫ್ಯೂಸ್. ಕಂಟ್ರೋಲರ್‌ನಿಂದ ಬ್ಯಾಟರಿಗೆ 30 ಆಂಪ್, ಅದಕ್ಕೆ 10 ಸ್ಕ್ವೇರ್ ಎಂಎಂ ವೈರ್, 40 ಆಂಪ್ ಫ್ಯೂಸ್. ಫ್ರಿಜ್, ಫ್ಯಾನ್, ದೀಪಗಳ ಸಣ್ಣ ಸಾಲುಗಳಿಗೆ ಕಾರಿನ ಬ್ಲೇಡ್ ಫ್ಯೂಸ್ ಡಬ್ಬಿ.

ಫ್ಯೂಸ್ ಎಲ್ಲಿರಬೇಕು? ಬ್ಯಾಟರಿಯ ಪ್ಲಸ್‌ಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ. ಫ್ಯೂಸ್‌ಗೆ ಮುಂಚಿನ ವೈರ್ ತುಂಡಿಗೆ ಯಾವ ಕಾವಲೂ ಇಲ್ಲ. ಕುಲುಕಾಟದಲ್ಲಿ ಅದು ಬಾಡಿಯ ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಸುರಿಯುತ್ತದೆ. ಎಲ್‌ಎಫ್‌ಪಿ ಶಾರ್ಟ್ ಆದರೆ ಸಾವಿರಾರು ಆಂಪ್ ಹರಿಯಬಲ್ಲದು. ಅಷ್ಟನ್ನು ತುಂಡರಿಸುವ ತಾಕತ್ತಿಲ್ಲದ ಫ್ಯೂಸ್ ಸುಟ್ಟ ಮೇಲೂ ಒಳಗೆ ಕಿಡಿ ಹೊತ್ತಿಕೊಂಡೇ ಇರುತ್ತದೆ. ಆದ್ದರಿಂದ ಮುಖ್ಯ ಫ್ಯೂಸ್ ಒಂದನ್ನು ಕ್ಲಾಸ್ ಟಿ ಮಾದರಿಯದೇ ಹಾಕಿ.

ಇನ್ನೊಂದು ತಪ್ಪು ತುಂಬ ಕಡೆ ನೋಡಿದ್ದೇನೆ. ಮನೆಯ ಎಂಸಿಬಿಯನ್ನು ತಂದು ಸೋಲಾರ್‌ಗೆ ಹಾಕುವುದು. ಮನೆಯ ಕರೆಂಟ್ ಎಸಿ, ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಏರುತ್ತದೆ. ಸ್ವಿಚ್ ತೆರೆದಾಗ ಹುಟ್ಟಿದ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಡಿಸಿ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಕಿಡಿ ಹಿಡಿದರೆ ಹಿಡಿದೇ ಇರುತ್ತದೆ, ಸ್ವಿಚ್ಚೇ ಕರಗುತ್ತದೆ. ಡಿಸಿ ಎಂದು ಬರೆದಿರುವ ಎಂಸಿಬಿಯನ್ನೇ ಕೇಳಿ ತನ್ನಿ. ಅದರಲ್ಲೂ ಕೆಲವಕ್ಕೆ ಪ್ಲಸ್ ಮೈನಸ್ ದಿಕ್ಕು ಇರುತ್ತದೆ, ಉಲ್ಟಾ ಹಾಕಬಾರದು. ಇದೇ ಕಾರಣಕ್ಕೆ ಪ್ಯಾನೆಲ್‌ನ ಎಂಸಿ4 ಕನೆಕ್ಟರನ್ನು ಬಿಸಿಲಿರುವಾಗ, ಕರೆಂಟ್ ಹರಿಯುವಾಗ ಕೀಳಬೇಡಿ.

ವ್ಯಾನ್‌ನಲ್ಲಿ ವೈರ್ ಸದಾ ನಡುಗುತ್ತದೆ. ಗಟ್ಟಿ ಒಂಟಿ ಎಳೆಯ ವೈರ್ ಕಾಲಕ್ರಮೇಣ ಮುರಿಯುತ್ತದೆ. ಸಣ್ಣ ಎಳೆಗಳ ಬಳುಕುವ ತಾಮ್ರದ ವೈರ್ ಬೇಕು. ತುದಿಗೆ ತಾಮ್ರದ ಲಗ್ ಹಾಕಿ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ ನೋಡಲು ಗಟ್ಟಿ, ಒಳಗೆ ಸಡಿಲ. ಸಡಿಲ ಇದ್ದಲ್ಲಿ ಬಿಸಿ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆಯೆಲ್ಲ ರಬ್ಬರ್ ಬಳೆ ಇರಲಿ.

ಎಲ್ಲ ಮೈನಸ್ ವೈರ್‌ಗಳನ್ನೂ ಒಂದು ದಪ್ಪ ತಾಮ್ರದ ಪಟ್ಟಿಗೆ, ಅಂದರೆ ಬಸ್‌ಬಾರ್‌ಗೆ, ತನ್ನಿ. ಆ ಪಟ್ಟಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಷಂಟ್ ಎನ್ನುವ ಅಳತೆಯ ತುಂಡು ಕೂರಿಸಿ. ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು ಎಂದು ಎಣಿಸುವುದು ಅದೇ. ಎಲ್‌ಎಫ್‌ಪಿಗೆ ಇದು ಬೇಕೇ ಬೇಕು. ಬಹುಪಾಲು ಸಮಯ ಅದರ ವೋಲ್ಟೇಜ್ 13ರ ಆಸುಪಾಸಿನಲ್ಲೇ ಇರುತ್ತದೆ. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗುವುದಿಲ್ಲ. ಒಂದೇ ಒಂದು ವೈರ್ ಷಂಟ್ ಬಿಟ್ಟು ನೇರವಾಗಿ ಬ್ಯಾಟರಿಗೆ ಹೋದರೂ ಎಣಿಕೆ ತಪ್ಪುತ್ತದೆ. ಬಸ್‌ಬಾರ್‌ನಿಂದ ವ್ಯಾನ್‌ನ ಛಾಸಿಗೆ ಒಂದೇ ಕಡೆ ಜೋಡಣೆ ಸಾಕು.

ಎಂಜಿನ್, ಮತ್ತೆ ಹೋಂಸ್ಟೇ ಪ್ಲಗ್

ಮಳೆಗಾಲಕ್ಕೆ ಎಂಜಿನ್‌ನ ಆಲ್ಟರ್ನೇಟರ್ ಬೇಕು ಎಂದೆನಲ್ಲ. ಎಂಜಿನ್ ಬ್ಯಾಟರಿಯಿಂದ ನೇರವಾಗಿ ಒಂದು ವೈರ್ ಎಳೆಯಬೇಡಿ. ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿ. 30 ಆಂಪ್‌ನದಾದರೆ ಎರಡು ಗಂಟೆ ಗಾಡಿ ಓಡಿಸಿದರೆ 700ಕ್ಕಿಂತ ಜಾಸ್ತಿ ವ್ಯಾಟ್ ಅವರ್ ಸೇರುತ್ತದೆ. ಇದರ ವೈರ್‌ನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ಆದ್ದರಿಂದ ಎರಡೂ ತುದಿಗೆ ಫ್ಯೂಸ್.

ಹೋಂಸ್ಟೇಯ ಪ್ಲಗ್‌ನಿಂದ 230 ವೋಲ್ಟ್ ಒಳಗೆ ತರುವುದಾದರೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಕಡ್ಡಾಯ. ಆ ಲೈನು ಮತ್ತು ಇನ್ವರ್ಟರ್ ಲೈನು ಎಂದೂ ಸೇರಬಾರದು, ಚೇಂಜ್‌ಓವರ್ ಸ್ವಿಚ್ ಬೇಕು. ಲೋಹದ ಬಾಡಿಯ ಗಾಡಿ, ಒದ್ದೆ ನೆಲ. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಗಾಡಿಯ ರೂಪವನ್ನೇ ಬದಲಿಸುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ಬಗ್ಗೆ ಬಿಗಿಯಾಗಿದೆ.

ಮೊದಲ ಸಲ ಜೋಡಿಸುವಾಗ

ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ ಕೆಲವು ಕಂಟ್ರೋಲರ್‌ಗೆ ತಾನು 12ರಲ್ಲಿದ್ದೇನೋ 24ರಲ್ಲಿದ್ದೇನೋ ತಿಳಿಯುವುದಿಲ್ಲ. ಕೆಲಸ ಮುಗಿಯುವ ತನಕ ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿಡಿ. ಕೈಯಲ್ಲಿರುವ ಉಂಗುರ, ಬಳೆ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಗೆ ಟೇಪ್ ಸುತ್ತಿ. ಪ್ರತಿ ವೈರ್ ಜೋಡಿಸುವ ಮುಂಚೆ ಮಲ್ಟಿಮೀಟರ್ ಹಿಡಿದು ಪ್ಲಸ್ ಯಾವುದು, ಮೈನಸ್ ಯಾವುದು ನೋಡಿ. ವೈರ್‌ನ ಬಣ್ಣ ನಂಬಬೇಡಿ.

ಎಲ್ಲ ಆದ ಮೇಲೆ ಮಿಕ್ಸಿ ಹಾಕಿ. ಅದು ತಿರುಗುವಾಗ ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ಮೇಲೆ ಒಮ್ಮೆ, ಇನ್ವರ್ಟರ್‌ನ ಟರ್ಮಿನಲ್ ಮೇಲೆ ಒಮ್ಮೆ ಅಳೆಯಿರಿ. ಮೊದಲು 1 ವೋಲ್ಟ್ ಮೀರಿದ್ದ ನಮ್ಮ ವ್ಯತ್ಯಾಸ ಈಗ 0.1ಕ್ಕಿಂತ ಕಡಿಮೆ. ಎರಡು ನಿಮಿಷ ಅರೆದು ಸ್ವಿಚ್ ಆಫ್ ಮಾಡಿ, ಪ್ರತಿ ಲಗ್ ಹತ್ತಿರ ವೈರ್‌ನ ಸಿಪ್ಪೆಯ ಮೇಲೆ ಬೆರಳಿಟ್ಟು ನೋಡಿ. ಒಂದು ಮಾತ್ರ ಬೆಚ್ಚಗಿದ್ದರೆ ಆ ಲಗ್ಗನ್ನು ಕತ್ತರಿಸಿ ಹೊಸದು ಒತ್ತಿಸಿ. ಶಿರಾಡಿ ಘಾಟಿಯನ್ನು ಒಮ್ಮೆ ಇಳಿದು ಹತ್ತಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿಕೊಂಡು ಎಲ್ಲ ನಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ನಮ್ಮ ವ್ಯಾನ್‌ನಲ್ಲಿ ಆ ಮೊದಲ ಸುತ್ತಿಗೇ ಬಸ್‌ಬಾರ್‌ನ ಎರಡು ನಟ್ ಕಾಲು ಸುತ್ತು ಸಡಿಲವಾಗಿದ್ದವು.